ಹದಿನೈದು ದಿನದ ಬಿಟ್ಟಿ ‘ಟ್ರೈನಿಂಗ್’

ಸಂಪಾದಕರಿಗೆ,

ಮಾನ್ಯರೆ,

ಆಷಾಢದ ರಿಯಾಯಿತಿ ಮಾರಾಟ ಶುರುವಾಗಿ ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ ದಾಟುವವರೆಗೆ ಬಟ್ಟೆ ಅಂಗಡಿ, ಮೊಬೈಲ್ ಷೋರೂಂ, ಸೂಪರ್ ಮಾರ್ಕೆಟ್, ದರ್ಶಿನಿಗಳ ಬಾಗಿಲಲ್ಲಿ ‘ಕೆಲಸಕ್ಕೆ ಬೇಕಾಗಿದ್ದಾರೆ’ ಎಂಬ ಹಾಳೆ ಅಂಟಿರುತ್ತದೆ. ಒಳಗೆ ಹೋಗಿ ವಿಚಾರಿಸಿದವರಿಗೆ ಎಷ್ಟೋ ಕಡೆ ಸಿಗುವ ಉತ್ತರ ಇದು: ‘ಮೊದಲ ಹದಿನೈದು ದಿನ ಟ್ರೈನಿಂಗ್, ಅದಕ್ಕೆ ಸಂಬಳ ಇರಲ್ಲ. ಕೆಲಸ ನೋಡಿ ಆಮೇಲೆ ಹೇಳ್ತೀವಿ.’ ಕೆಲವೆಡೆ ಏಳು ದಿನ, ಕೆಲವೆಡೆ ಒಂದು ತಿಂಗಳು. ‘ಆಮೇಲೆ’ ಬರುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ, ಬಾಗಿಲ ಹಾಳೆಯೂ ಕಿತ್ತುಹೋಗಿರುತ್ತದೆ.

ಆ ಹದಿನೈದು ದಿನ ಏನು ನಡೆಯುತ್ತದೆ ಎಂದು ನೋಡಿದರೆ ಸಾಕು. ಬೆಳಿಗ್ಗೆ ಕಸ ಹೊಡೆದು ರ್‍ಯಾಕ್ ಒರೆಸುವುದು, ಗಿರಾಕಿ ಬಿಚ್ಚಿಸಿ ನೋಡಿದ ಸೀರೆಗಳನ್ನು ಮತ್ತೆ ಮಡಿಸಿಡುವುದು, ಅಳತೆ ಪ್ರಕಾರ ಶರ್ಟು ಜೋಡಿಸುವುದು, ಗೋದಾಮಿನಿಂದ ಸ್ಟಾಕ್ ಹೊತ್ತು ತರುವುದು, ಸಂಜೆ ನೂಕುನುಗ್ಗಲಿನಲ್ಲಿ ಬಿಲ್ಲಿಂಗ್ ಕೌಂಟರಿನ ಪಕ್ಕ ನಿಂತು ಚೀಲ ತುಂಬುವುದು, ರಾತ್ರಿ ಷಟರ್ ಎಳೆಯುವವರೆಗೆ ಕಾಲ ಮೇಲೆ ನಿಂತಿರುವುದು. ಕಲಿಸುವವರು ಅಂತ ಯಾರೂ ಇರುವುದಿಲ್ಲ. ಪಕ್ಕದ ಕೌಂಟರಿನ ಹಳೆಯ ಕೆಲಸಗಾರ್ತಿ ಬಿಡುವಾದಾಗ ‘ಇದು ಇಲ್ಲಿಡು, ಅದು ಅಲ್ಲಿಡು’ ಅಂದದ್ದೇ ಪಾಠ. ಮರುದಿನದಿಂದ ಅದೇ ಕೆಲಸ, ಅದೇ ಹೊತ್ತು. ಸಂಬಳದವರಿಗೂ ಇವರಿಗೂ ಇರುವ ವ್ಯತ್ಯಾಸ ಒಂದೇ, ಹಾಜರಿ ಪುಸ್ತಕದಲ್ಲಿ ಇವರ ಹೆಸರಿಲ್ಲ.

ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿಯೂ ಇರಲಿಲ್ಲ, ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಯಾಗಿರುವ 2019ರ ವೇತನ ಸಂಹಿತೆಯಲ್ಲಿಯೂ ಇಲ್ಲ. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ದರಕ್ಕಿಂತ ಕಡಿಮೆ ಕೂಲಿಯನ್ನು ಯಾವ ಉದ್ಯೋಗಿಗೂ ಕೊಡಕೂಡದು ಎಂದು ಸಂಹಿತೆಯ 5ನೇ ಸೆಕ್ಷನ್ ಹೇಳುತ್ತದೆ. ಕುಶಲ, ಅರೆಕುಶಲ, ಅಕುಶಲ, ಗುಮಾಸ್ತಿಕೆ, ಮೇಲ್ವಿಚಾರಣೆ ಎಲ್ಲ ಬಗೆಯ ಕೆಲಸದವರನ್ನೂ ‘ಉದ್ಯೋಗಿ’ ಎಂಬ ಪದದೊಳಗೆ ಅದು ತಂದಿದೆ. ಕಲಿಯುವವರ ಪೈಕಿ ಹೊರಗಿಟ್ಟಿರುವುದು 1961ರ ಅಪ್ರೆಂಟಿಸ್ ಕಾಯ್ದೆಯಡಿ ತೆಗೆದುಕೊಂಡವರನ್ನು ಮಾತ್ರ. ‘ಟ್ರೈನಿ’, ‘ಪ್ರೊಬೇಷನರಿ’, ‘ಟ್ರಯಲ್ ಮೇಲಿರುವವರು’ ಎಂಬ ಬೇರೆ ಜಾತಿಗಳು ಅಲ್ಲಿಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೂ ಇನ್ನೂ ಒಂದು ಹೆಜ್ಜೆ ಮುಂದಿದೆ: ದುಡಿಮೆಗೆ ಯಾವ ಪ್ರತಿಫಲ ಪಡೆಯದಿದ್ದರೂ, ಕೆಲಸ ಕಲಿಯಲು ಬಂದಿದ್ದರೂ ಅವರು ನೌಕರರೇ. ಅಂದರೆ ಸಂಬಳ ಕೊಡದಿರುವುದನ್ನೇ ‘ಇವರು ನಮ್ಮ ನೌಕರರಲ್ಲ’ ಎನ್ನಲು ನೆಪ ಮಾಡಿಕೊಳ್ಳುವಂತಿಲ್ಲ. ಅದೇ ಕಾಯ್ದೆಯ 6ಎ ಸೆಕ್ಷನ್ ಪ್ರಕಾರ ಹೆಸರು, ಹುದ್ದೆ, ಸಂಬಳ, ಶರತ್ತುಗಳನ್ನು ಬರೆದ ನೇಮಕಾತಿ ಪತ್ರವನ್ನು ಸೇರಿದ 30 ದಿನದೊಳಗೆ ಕೊಡಬೇಕು. ಹದಿನೈದು ಅಥವಾ ಇಪ್ಪತ್ತೆಂಟು ದಿನಕ್ಕೆ ಕಳಿಸಿಬಿಡುವ ಜಾಣತನ ಹುಟ್ಟಿದ್ದು ಈ 30 ದಿನದ ಗಡುವಿನ ನೆರಳಲ್ಲೇ ಇರಬೇಕು.

‘ಒಪ್ಪಿಕೊಂಡೇ ಸೇರಿದರಲ್ಲ, ಬಲವಂತ ಮಾಡಿದ್ದೇವೆಯೇ’ ಎಂಬ ಮಾತಿಗೂ ಹಳೆಯ ಉತ್ತರವಿದೆ. ಕೂಲಿಯ ಹಕ್ಕು ಬಿಟ್ಟುಕೊಡುತ್ತೇನೆಂದು ಸಹಿ ಹಾಕಿಸಿಕೊಂಡ ಕರಾರು 1948ರ ಕಾಯ್ದೆಯಲ್ಲೂ ಅನೂರ್ಜಿತ, ಈಗಿನ ಸಂಹಿತೆಯಲ್ಲೂ ಅನೂರ್ಜಿತ. 1982ರಲ್ಲಿ ದೆಹಲಿ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆಂದರೆ ಅವನನ್ನು ಬಡತನ ಅಲ್ಲಿಗೆ ತಳ್ಳಿದೆ, ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ‘ಅಷ್ಟು ಕೊಟ್ಟರೆ ನಮಗೆ ಗಿಟ್ಟಲ್ಲ’ ಎನ್ನುವವರಿಗೆ 1961ರಲ್ಲೇ ಕೇರಳದ ಹೆಂಚಿನ ಕಾರ್ಖಾನೆಗಳ ಪ್ರಕರಣದಲ್ಲಿ ಉತ್ತರ ಸಿಕ್ಕಿದೆ: ಕನಿಷ್ಠ ವೇತನ ಗೊತ್ತುಮಾಡುವಾಗ ಮಾಲೀಕನ ಕೊಡುವ ಶಕ್ತಿ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಲೆಕ್ಕ. ರಾಜ್ಯದ ಕನಿಷ್ಠ ವೇತನ ಕೆಲಸದ ಬಗೆ, ವಲಯ, ಕೌಶಲ ನೋಡಿ ಬೇರೆಬೇರೆ ಇರುತ್ತದೆ. ಅದಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಮೂಲ ದರ, ತುಟ್ಟಿಭತ್ಯೆ ಎರಡನ್ನೂ ಕೂಡಿಸಿದ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿದರೆ ದಿನದ ಕೂಲಿ, ಅದನ್ನು 8ರಿಂದ ಭಾಗಿಸಿದರೆ ಗಂಟೆಯ ಕೂಲಿ. 30ರಿಂದ ಭಾಗಿಸಿ ಕೈಗೆ ಕಡಿಮೆ ಕೊಡುವವರಿದ್ದಾರೆ. ಅದು ತಪ್ಪು ಲೆಕ್ಕ, ವಾರದ ರಜೆಯ ಕೂಲಿ ಅಲ್ಲಿ ನುಂಗಿಹೋಗುತ್ತದೆ. ಲೆಕ್ಕ ಸುಲಭವಾಗಲೆಂದು ತಿಂಗಳಿಗೆ 15,600 ರೂಪಾಯಿ ಎಂದು ಹಿಡಿಯೋಣ. ದಿನಕ್ಕೆ 600, ಗಂಟೆಗೆ 75. ಅಂಗಡಿಯಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 9, ಊಟ-ಕಾಫಿಗೆ ಒಂದು ಗಂಟೆ ಕಳೆದರೆ 10 ಗಂಟೆ ಕೆಲಸ. ವಾರಕ್ಕೆ ಆರು ದಿನ, 60 ಗಂಟೆ. ಮೊದಲ 48 ಗಂಟೆಗೆ 3,600 ರೂಪಾಯಿ. ಉಳಿದ 12 ಗಂಟೆ ವಾರದ ಮಿತಿ ದಾಟಿದ ಓಟಿ (ಓವರ್‌ಟೈಮ್), ಅದಕ್ಕೆ ಇಮ್ಮಡಿ ದರ, ಅಂದರೆ 1,800. ವಾರಕ್ಕೆ 5,400. ಎರಡು ವಾರದ ‘ಟ್ರೈನಿಂಗ್’ ಎಂದರೆ ಒಬ್ಬರ ಕೈಯಿಂದ 10,800 ರೂಪಾಯಿ ಕಿತ್ತುಕೊಂಡಂತೆ. ನಾಲ್ಕು ಜನರ ಒಂದು ತಂಡದಿಂದ ಅಂಗಡಿಗೆ ಉಳಿಯುವುದು 43,200. ತಂಡಗಳು ಯಾಕೆ ಬದಲಾಗುತ್ತಲೇ ಇರುತ್ತವೆ ಎಂಬುದು ಇಲ್ಲಿಗೆ ಅರ್ಥವಾಗುತ್ತದೆ.

ಹಾಗಾದರೆ ಕೈಚಳಕ ನೋಡದೆ ಯಾರನ್ನಾದರೂ ತೆಗೆದುಕೊಳ್ಳಬೇಕೆ? ಬೇಡ, ನೋಡಲಿ. ದೋಸೆ ಭಟ್ಟರನ್ನು ಕಾವಲಿಯ ಮುಂದೆ ಅರ್ಧ ಗಂಟೆ ನಿಲ್ಲಿಸಿ ನಾಲ್ಕು ದೋಸೆ ಹುಯ್ಯಿಸಿದರೆ ಅದು ಪರೀಕ್ಷೆ. ಆ ದೋಸೆ ಗಿರಾಕಿಯ ಮೇಜಿಗೆ ಹೋಗಿ ಬಿಲ್ಲಾಯಿತೋ, ಅದು ಕೆಲಸ. ಗಾರ್ಮೆಂಟ್ಸ್‌ನಲ್ಲಿ ಚಿಂದಿ ಬಟ್ಟೆಯ ಮೇಲೆ ಹೊಲಿಗೆ ಹಾಕಿಸಿ ನೋಡುವುದು ಪರೀಕ್ಷೆ. ಲೈನಿನಲ್ಲಿ ಕೂರಿಸಿ ಕಾಲರ್ ಜೋಡಿಸಿದ ಪೀಸು ಪೆಟ್ಟಿಗೆ ಸೇರಿದರೆ ಕೆಲಸ. ಬಿಲ್ಲಿಂಗ್ ಯಂತ್ರದಲ್ಲಿ ಸುಳ್ಳು ಬಿಲ್ ಹೊಡೆದು ಕಲಿಯುವುದು ಬೇರೆ, ನಿಜವಾದ ದುಡ್ಡು ಎಣಿಸುವುದು ಬೇರೆ. ನಿಜವಾದ ದುಡ್ಡು ಎಣಿಸಿ ರಾತ್ರಿ ಕಡಿಮೆ ಬಿದ್ದದ್ದನ್ನು ಟ್ರೈನಿಯಿಂದಲೇ ವಸೂಲು ಮಾಡುವ ಕಡೆಗಳೂ ಇವೆ. ನೌಕರ ಅಲ್ಲದವನ ಕೈಗೆ ಗಲ್ಲಾಪೆಟ್ಟಿಗೆ ಕೊಟ್ಟಿದ್ದು ಹೇಗೆ ಎಂದು ಅಲ್ಲಿ ಕೇಳಬೇಕು.

ಸೆಕ್ಯೂರಿಟಿ ಏಜೆನ್ಸಿಗಳದ್ದು ಇನ್ನೊಂದು ವರಸೆ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಡಿ ಕೇಂದ್ರ ಹೊರಡಿಸಿದ ಮಾದರಿ ನಿಯಮಗಳಲ್ಲಿ ಕಾವಲುಗಾರನಿಗೆ ಕನಿಷ್ಠ 20 ಕೆಲಸದ ದಿನಗಳಲ್ಲಿ 100 ಗಂಟೆ ತರಗತಿ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಎಂದಿದೆ. ಮಾಜಿ ಸೈನಿಕರಿಗೆ ಇದು 40 ಮತ್ತು 16 ಗಂಟೆ. ತರಗತಿಯ ಪಾಠ ಅರ್ಧ ದಿನಕ್ಕೆ ಮುಗಿದು, ‘ಕ್ಷೇತ್ರ ತರಬೇತಿ’ ಎಂದು ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ 12 ಗಂಟೆ ಪಾಳಿಗೆ ಒಬ್ಬರನ್ನೇ ನಿಲ್ಲಿಸಿದರೆ ಅದು ತರಬೇತಿಯಲ್ಲ. ಅಪಾರ್ಟ್‌ಮೆಂಟಿನವರಿಂದ ಆ ಪಾಳಿಗೆ ಏಜೆನ್ಸಿ ಪೂರ್ತಿ ಬಿಲ್ ವಸೂಲು ಮಾಡಿರುತ್ತದೆ. ನಿವಾಸಿಗಳ ಸಂಘಗಳು ಪ್ರತಿ ತಿಂಗಳು ಬಿಲ್ ಪಾವತಿಸುವ ಮೊದಲು ಗೇಟಿನ ಹಾಜರಿ ಪುಸ್ತಕದ ಹೆಸರುಗಳಿಗೂ ಏಜೆನ್ಸಿ ಕೊಟ್ಟ ವೇತನ ಪಟ್ಟಿಗೂ ತಾಳೆ ಹಾಕಿದರೆ ಈ ಆಟ ಅರ್ಧಕ್ಕರ್ಧ ನಿಲ್ಲುತ್ತದೆ.

ಹೊಸಬರದ್ದು ಹೀಗಾದರೆ ಹಳಬರದ್ದು ಇನ್ನೊಂದು. ಅಂಗಡಿ ತೆರೆಯುವ 20 ನಿಮಿಷ ಮೊದಲು ‘ಬ್ರೀಫಿಂಗ್’, ವಾರದ ರಜೆಯ ದಿನ ಹೊಸ ಮಾಡೆಲ್ಲಿನ ಬಗ್ಗೆ ಕಂಪನಿಯವರ ಪಾಠ, ಮನೆಗೆ ಹೋದ ಮೇಲೆ ಮೊಬೈಲಿನಲ್ಲಿ ನೋಡಿ ಮುಗಿಸಬೇಕಾದ ವಿಡಿಯೊ ಮತ್ತು ಪ್ರಶ್ನೋತ್ತರ. ದಿನಕ್ಕೆ 20 ನಿಮಿಷ ಎಂದರೆ ಸಣ್ಣದೆನಿಸುತ್ತದೆ. 26 ದಿನಕ್ಕೆ 520 ನಿಮಿಷ, 8 ಗಂಟೆ 40 ನಿಮಿಷ. ಮೇಲಿನ ದರದಲ್ಲಿ 650 ರೂಪಾಯಿ. ಆಗಲೇ 48 ಗಂಟೆ ತುಂಬಿದ್ದವರಿಗೆ ಇಮ್ಮಡಿ, 1,300. ಈ ಇಮ್ಮಡಿ ಲೆಕ್ಕದಲ್ಲಿ ವರ್ಷಕ್ಕೆ ಒಂದು ತಿಂಗಳ ಸಂಬಳವೇ ಹೋಯಿತು. ಗಂಟೆ ಲೆಕ್ಕದ ಕೂಲಿಯೇ ರೂಢಿಯಾಗಿರುವ ಅಮೆರಿಕದಲ್ಲಿ ಈ ಗೊಂದಲಕ್ಕೆ ಕಾರ್ಮಿಕ ಇಲಾಖೆ ನಾಲ್ಕು ಶರತ್ತಿನ ಅಳತೆಗೋಲು ಇಟ್ಟಿದೆ: ತರಬೇತಿ ಕೆಲಸದ ವೇಳೆಯ ಹೊರಗಿರಬೇಕು, ಹಾಜರಾತಿ ಸ್ವಇಚ್ಛೆಯದಾಗಿರಬೇಕು, ವಿಷಯ ಆ ಕೆಲಸಕ್ಕೆ ನೇರ ಸಂಬಂಧಪಟ್ಟಿರಬಾರದು, ಆ ಹೊತ್ತಿನಲ್ಲಿ ಯಾವ ಕೆಲಸವನ್ನೂ ಮಾಡಿಸಬಾರದು. ನಾಲ್ಕೂ ಕೂಡಿಬಂದರೆ ಮಾತ್ರ ಕೂಲಿ ಬೇಡ. ಒಂದು ತಪ್ಪಿದರೂ ಅದು ಕೆಲಸದ ಗಂಟೆ. ನಮ್ಮ ಷೋರೂಂ ಬ್ರೀಫಿಂಗನ್ನು ಆ ಅಳತೆಗೋಲಿನ ಪಕ್ಕ ಇಟ್ಟರೆ ಮೊದಲನೆಯದನ್ನು ಬಿಟ್ಟು ಉಳಿದವು ದಾಟುವುದು ಕಷ್ಟ. ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಮಾಲೀಕರ ಅಪ್ಪಣೆಯಲ್ಲಿ ಕಳೆದ ಹೊತ್ತೆಲ್ಲ ಕೆಲಸದ ಹೊತ್ತು, ಊಟ-ವಿಶ್ರಾಂತಿಯ ಬಿಡುವನ್ನು ಮಾತ್ರ ಕಳೆಯಬೇಕು.

ಹಣಕ್ಕಿಂತ ದೊಡ್ಡ ಅಪಾಯ ಒಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಟ್ರೈನಿಯ ಹೆಸರು ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ಹೋಗಿರುವುದಿಲ್ಲ. ಕೆಲಸದ ಗಾಯಕ್ಕೆ ಸಿಗುವ ಅಂಗವೈಕಲ್ಯ ಸೌಲಭ್ಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ನಿಯಮವಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅದು ಅನ್ವಯಿಸುತ್ತದೆ. ಆದರೆ ಹೆಸರೇ ನೋಂದಾಯಿಸದೆ ಇದ್ದಾಗ, ಎರಡನೇ ದಿನ ಬಾಣಲೆಯ ಎಣ್ಣೆ ಕೈಮೇಲೆ ಬಿದ್ದ ಹುಡುಗ ‘ನಾನು ಅಲ್ಲಿ ಕೆಲಸಕ್ಕಿದ್ದೆ’ ಎಂದು ಸಾಬೀತು ಮಾಡುವುದರಿಂದ ಶುರುಮಾಡಬೇಕು. ಅಪಘಾತವಾದ ಮೇಲೆ ಹಿಂದಿನ ತಾರೀಖಿಗೆ ನೋಂದಾಯಿಸಲು ಓಡಾಡುವ ಮಾಲೀಕರಿಗೂ ಅದು ಸಲೀಸಲ್ಲ.

‘ಬಾಂಡ್’ ಬಗ್ಗೆ ಒಂದು ಮಾತು. ಮಧ್ಯದಲ್ಲಿ ಬಿಟ್ಟರೆ ತರಬೇತಿ ಖರ್ಚು ಕಟ್ಟಬೇಕು ಎಂದು ಬರೆಸಿಕೊಳ್ಳುವುದು, ಅಂಕಪಟ್ಟಿಯ ಮೂಲ ಪ್ರತಿ ಇಟ್ಟುಕೊಳ್ಳುವುದು ಈಗ ಸಣ್ಣ ಅಂಗಡಿಗೂ ಬಂದಿದೆ. ಇದಕ್ಕೆ ಸಮರ್ಥನೆಯಾಗಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪನ್ನು ಎತ್ತುವವರಿದ್ದಾರೆ. ಆ ತೀರ್ಪು ಮೂರು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟ ಬ್ಯಾಂಕ್ ಅಧಿಕಾರಿಯೊಬ್ಬರ 2 ಲಕ್ಷ ರೂಪಾಯಿ ಕರಾರಿನ ಕುರಿತದ್ದು. ದುಡಿದ ದಿನಗಳ ಕನಿಷ್ಠ ಕೂಲಿಯನ್ನು ಹಿಡಿದಿಡಬಹುದು ಎಂದು ಅದು ಹೇಳಿಲ್ಲ. ಸಂಬಳದಲ್ಲಿ ಏನೇನು ಮುರಿದುಕೊಳ್ಳಬಹುದು ಎಂಬ ಪಟ್ಟಿ ಸಂಹಿತೆಯಲ್ಲಿದೆ; ತರಬೇತಿ ಖರ್ಚು ಆ ಪಟ್ಟಿಯಲ್ಲಿಲ್ಲ. ಬಿಟ್ಟುಹೋದವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು ಎಂದೂ ಅದರಲ್ಲೇ ಇದೆ.

ಈಗ, ಮೋಸ ಹೋದವರು ಏನು ಮಾಡಬಹುದು. ಸೇರುವ ದಿನವೇ ಶುರುಮಾಡಬೇಕು, ಬಿಟ್ಟ ಮೇಲಲ್ಲ. ಮ್ಯಾನೇಜರ್‌ಗೆ ದಿನಾ ಒಂದು ವಾಟ್ಸ್‌ಆ್ಯಪ್ ಸಂದೇಶ: ‘ಸರ್, ಇವತ್ತು 10 ಗಂಟೆಗೆ ಬಂದೆ’, ‘ಸರ್, 9.15ಕ್ಕೆ ಹೊರಟೆ.’ ವಿನಯವಾಗಿಯೇ ಕಳಿಸಿದರಾಯಿತು, ತಾರೀಖು-ವೇಳೆ ತಾನಾಗಿ ಕೂರುತ್ತದೆ. ಪಾಳಿಯ ಪಟ್ಟಿ ಗೋಡೆಗೆ ಅಂಟಿಸಿದ್ದರೆ ಅದರ ಫೋಟೊ, ಗುಂಪಿನಲ್ಲಿ ಹಾಕಿದ್ದರೆ ಅದರ ಸ್ಕ್ರೀನ್‌ಷಾಟ್. ಸಮವಸ್ತ್ರ ಅಥವಾ ಕೊರಳ ಕಾರ್ಡು ತೊಟ್ಟ ಒಂದು ಚಿತ್ರ. ಬಿಲ್ಲಿಂಗ್ ಮಾಡಿಸಿದ್ದರೆ ಕೌಂಟರ್ ಸಂಖ್ಯೆ ಅಥವಾ ಕ್ಯಾಷಿಯರ್ ಹೆಸರು ಬಿದ್ದಿರುವ ಒಂದೆರಡು ಹಾಳು ಬಿಲ್. ಪೆಟ್ರೋಲ್ ಬಂಕಾದರೆ ಪಾಳಿ ಮುಗಿದಾಗ ಬರೆಯುವ ಮೀಟರ್ ಚೀಟಿ. ಸಮವಸ್ತ್ರಕ್ಕೆಂದು ದುಡ್ಡು ಕೇಳಿದರೆ ನಗದು ಕೊಡದೆ ಯುಪಿಐನಲ್ಲಿ ಕಳಿಸಬೇಕು. ಫೋನ್ ಒಳಗೆ ಬಿಡದ ಕಡೆ ಮನೆಯಲ್ಲಿ ಒಂದು ನೋಟುಪುಸ್ತಕ, ಅವತ್ತವತ್ತೇ ಬರೆದದ್ದು. ಹಿಂದಿನ ವಾರದ್ದನ್ನೆಲ್ಲ ಒಂದೇ ಪೆನ್ನಿನಲ್ಲಿ ಒಂದೇ ಸಲ ಬರೆದರೆ ನೋಡಿದವರಿಗೆ ಗೊತ್ತಾಗುತ್ತದೆ.

ಬಾಕಿ ಕೇಳುವಾಗ ಮೊದಲು ಬರಹದಲ್ಲಿ ಒಂದು ಪುಟ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ಇಷ್ಟು ಗಂಟೆ, ಇಷ್ಟು ದರ, ಇಷ್ಟು ಬಾಕಿ. ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಬೇಕು. ಎಷ್ಟೋ ಪ್ರಕರಣ ಈ ಹಂತದಲ್ಲೇ ಮುಗಿಯುತ್ತವೆ, ಯಾಕೆಂದರೆ ಅಂಗಡಿಯ ಲೆಕ್ಕಪರಿಶೋಧಕರು ಮಾಲೀಕರಿಗೆ ಅಪಾಯ ಏನೆಂದು ಹೇಳುತ್ತಾರೆ. ಮುಗಿಯದಿದ್ದರೆ ಕಾರ್ಮಿಕ ನಿರೀಕ್ಷಕರ ಅಥವಾ ಕಾರ್ಮಿಕ ಅಧಿಕಾರಿಯ ಕಚೇರಿ. ಅರ್ಜಿ ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡೇ ಬರಬೇಕು. ‘ಇಟ್ಟುಹೋಗಿ, ನೋಡ್ತೀವಿ’ ಎಂದದ್ದನ್ನು ನಂಬಿ ಬಂದವರ ಅರ್ಜಿ ಸಿಗುವುದೇ ಕಷ್ಟ. ಹಳೆಯ ಕಾಯ್ದೆಯಲ್ಲಿ ಆರು ತಿಂಗಳೊಳಗೆ ಹಕ್ಕುಸಾಧನೆ ಮಾಡಬೇಕಿತ್ತು, ಈಗ ಸಂಹಿತೆಯ 45ನೇ ಸೆಕ್ಷನ್ನಿನಡಿ ಮೂರು ವರ್ಷ ಅವಕಾಶವಿದೆ. ನೌಕರರೇ ಹಾಕಬಹುದು, ನೋಂದಾಯಿತ ಕಾರ್ಮಿಕ ಸಂಘವೂ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ. 10,800ರ ಬಾಕಿಗೆ ಮೇಲ್ಮಿತಿ 1,08,000. ಅಷ್ಟು ಸಿಕ್ಕೇ ಸಿಗುತ್ತದೆ ಎಂದು ಎಣಿಸಬಾರದು. ಕಡಿಮೆ ಕೂಲಿ ಕೊಟ್ಟದ್ದಕ್ಕೆ ದಂಡ 50,000 ರೂಪಾಯಿವರೆಗೆ, ಐದು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 1948ರ ಕಾಯ್ದೆಯಲ್ಲಿದ್ದ 500 ರೂಪಾಯಿ ದಂಡಕ್ಕೆ ಹೋಲಿಸಿದರೆ ಇದಕ್ಕೆ ಒಂದಿಷ್ಟು ತೂಕವಿದೆ. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ. ಸಹಾಯವಾಣಿ 15100.

ಅರ್ಜಿ ಬಿದ್ದುಹೋಗುವುದು ಎಲ್ಲಿ? ಕೂಲಿ ಕೊಟ್ಟಿದ್ದೇವೆ ಎಂದು ತೋರಿಸುವ ಹೊಣೆ ಮಾಲೀಕರದ್ದು ಎಂದು ಸಂಹಿತೆ ಹೇಳುತ್ತದಾದರೂ, ‘ಈ ವ್ಯಕ್ತಿ ನಮ್ಮಲ್ಲಿ ಇರಲೇ ಇಲ್ಲ’ ಎಂದುಬಿಟ್ಟರೆ ಇದ್ದೆ ಎಂದು ತೋರಿಸಬೇಕಾದವರು ನೌಕರರೇ. ಸಿಸಿಟಿವಿ ಚಿತ್ರಣ ಕೆಲವು ವಾರಗಳಲ್ಲಿ ಅಳಿಸಿಹೋಗಿರುತ್ತದೆ, ಆದ್ದರಿಂದ ಅದನ್ನು ಉಳಿಸಿಡಿ ಎಂದು ಮೊದಲ ಪತ್ರದಲ್ಲೇ ಕೇಳಬೇಕು. ಎರಡನೆಯದು, ಅಂಗಡಿಯ ಫಲಕದ ಹೆಸರು ಒಂದು, ನೋಂದಣಿಯ ಹೆಸರು ಇನ್ನೊಂದು. ಅರ್ಜಿಯಲ್ಲಿ ಫಲಕದ ಹೆಸರಷ್ಟೇ ಬರೆದರೆ ನೋಟಿಸು ವಾಪಸ್ಸಾಗುತ್ತದೆ. ಗಿರಾಕಿಗೆ ಕೊಡುವ ಬಿಲ್ಲಿನ ಮೇಲೆ ಜಿಎಸ್‌ಟಿ ಸಂಖ್ಯೆಯ ಜೊತೆ ಇರುವ ಹೆಸರನ್ನು ಬರೆದುಕೊಂಡರೆ ಆಯಿತು.

ಮಾಲೀಕರ ಕಷ್ಟವನ್ನೂ ತಳ್ಳಿಹಾಕುವಂತಿಲ್ಲ. ಬಂದವರು ನಾಲ್ಕು ದಿನಕ್ಕೆ ಹೇಳದೆ ಕೇಳದೆ ಹೋಗುವುದು ನಿಜ, ಕಲಿಸಿದ ಶ್ರಮ ಮಣ್ಣುಪಾಲಾಗುವುದೂ ನಿಜ. ಅದಕ್ಕೆ ಕಾನೂನಿನೊಳಗೇ ದಾರಿಗಳಿವೆ. ಕೌಶಲವಿಲ್ಲದ ಹೊಸಬರಿಗೆ ಮೊದಲು ಅಕುಶಲ ದರ್ಜೆಯ ಕೂಲಿ ಕೊಟ್ಟು, ಕೈ ಕುದುರಿದ ಮೇಲೆ ಮೇಲಿನ ದರ್ಜೆಗೆ ಏರಿಸಬಹುದು. ಮೂರು ದಿನ ನೋಡಿ ಬೇಡವೆನಿಸಿದರೆ ಮೂರು ದಿನದ ಕೂಲಿ, ಮೇಲಿನ ಲೆಕ್ಕದಲ್ಲಿ ಓಟಿ ಬಿಟ್ಟು 1,800 ರೂಪಾಯಿ ಕೊಟ್ಟು ಕಳಿಸಿದರೆ ಮುಗಿಯಿತು. ಕಾಂಪೌಂಡಿನ ಬಾಗಿಲಿಗೆ ಬೀಗ ಹಾಕಿಸುವ ಖರ್ಚಿಗಿಂತ ದೊಡ್ಡದೇನಲ್ಲ. ನಿಜವಾಗಿ ಕಲಿಸುವ ಮನಸ್ಸಿದ್ದವರಿಗೆ ಅಪ್ರೆಂಟಿಸ್ ಕಾಯ್ದೆ ಇದೆ. ನಾಲ್ಕು ಜನರಿರುವ ಸಂಸ್ಥೆಯೂ ಅಪ್ರೆಂಟಿಸ್ ತೆಗೆದುಕೊಳ್ಳಬಹುದು, 30 ಮತ್ತು ಅದಕ್ಕಿಂತ ಹೆಚ್ಚು ಜನರಿದ್ದರೆ ಶೇ 2.5ರಿಂದ 15ರಷ್ಟು ತೆಗೆದುಕೊಳ್ಳಲೇಬೇಕು. 2019ರ ತಿದ್ದುಪಡಿಯಲ್ಲಿ ಓದಿಗೆ ತಕ್ಕಂತೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 5,000ದಿಂದ 9,000 ಎಂದಾಯಿತು. ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಉತ್ತೇಜನ ಯೋಜನೆಯಲ್ಲಿ ಅದರ ಶೇ 25ರಷ್ಟನ್ನು, 1,500 ರೂಪಾಯಿ ಮಿತಿಯೊಳಗೆ ಸರ್ಕಾರವೇ ಭರಿಸುತ್ತದೆ. ಆದರೆ ಕರಾರು ಬರಹದಲ್ಲಿದ್ದು ಸರ್ಕಾರದ ಅಪ್ರೆಂಟಿಸ್‌ಷಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಬಾಯಲ್ಲಿ ‘ಅಪ್ರೆಂಟಿಸ್’ ಎಂದು ಕರೆದವರೆಲ್ಲ ಅಪ್ರೆಂಟಿಸ್ ಆಗುವುದಿಲ್ಲ, ನೋಂದಣಿ ಇಲ್ಲದವರಿಗೆ ಪೂರ್ತಿ ಕನಿಷ್ಠ ವೇತನವೇ.

ಕಾರ್ಮಿಕ ಇಲಾಖೆ ಮಾಡಬೇಕಾದದ್ದು ದೊಡ್ಡ ಕೆಲಸವಲ್ಲ. ಮುಂದಿನ ಕನಿಷ್ಠ ವೇತನ ಅಧಿಸೂಚನೆಯಲ್ಲಿ ‘ತರಬೇತಿ, ಪರೀಕ್ಷಾರ್ಥ ಅವಧಿ ಎಂದು ಯಾವ ಹೆಸರಿನಿಂದ ಕರೆದರೂ ಈ ದರ ಮೊದಲ ದಿನದಿಂದ ಅನ್ವಯ’ ಎಂಬ ಒಂದು ಸಾಲು ಸೇರಿಸಲಿ. ಕಾನೂನು ಈಗಲೂ ಅದನ್ನೇ ಹೇಳುತ್ತದೆ, ಆದರೆ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಕಾಣುವಂತೆ ಇದ್ದರೆ ಕೇಳುವವರಿಗೆ ಬಾಯಿ ಬರುತ್ತದೆ. ತಪಾಸಣೆಯನ್ನು ಮಾರ್ಚ್ ತಿಂಗಳ ಬದಲು ದಸರೆಯ ವಾರ ಇಟ್ಟುಕೊಳ್ಳಲಿ. ಹೋದವರು ಹಾಜರಿ ಪುಸ್ತಕ ಕೇಳುವ ಮೊದಲು ಅಂಗಡಿಯೊಳಗೆ ಸಮವಸ್ತ್ರ ತೊಟ್ಟ ತಲೆಗಳನ್ನು ಎಣಿಸಲಿ, ಆಮೇಲೆ ಪುಸ್ತಕ ತೆರೆಸಲಿ.

ಕೊನೆಯದಾಗಿ ತಮ್ಮಲ್ಲೇ ಒಂದು ಕೋರಿಕೆ. ವರ್ಗೀಕೃತ ಜಾಹೀರಾತುಗಳಲ್ಲಿ ‘ತರಬೇತಿ ನಂತರ ಆಕರ್ಷಕ ಸಂಬಳ’ ಎಂಬ ಸಾಲು ಪದೇ ಪದೇ ಕಾಣುತ್ತದೆ. ಕೆಲಸದ ಜಾಹೀರಾತು ಪಡೆಯುವ ಅರ್ಜಿಯಲ್ಲಿ ‘ತರಬೇತಿ ಅವಧಿ ಎಷ್ಟು ದಿನ, ಆ ಅವಧಿಯ ದಿನಗೂಲಿ ಎಷ್ಟು’ ಎಂಬ ಒಂದು ಅಂಕಣ ಇಟ್ಟು, ತುಂಬದವರ ಜಾಹೀರಾತನ್ನು ವಾಪಸ್ ಕಳಿಸಲು ಪತ್ರಿಕೆಗೆ ಸಾಧ್ಯವೇ?

ಇಂತಿ,
ಕಾರ್ಮಿಕ ಕಾನೂನು ಬಲ್ಲ ಓದುಗರು
ಬೆಂಗಳೂರು